ಒಂದು ಬಯಲು, ಎರಡು ಆಟ: ಕಲೂರಿನ ಕ್ರೀಡಾಂಗಣದಿಂದ ಕಲಿಯುವ ಪಾಠ

ಹೋದ ತಿಂಗಳು ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುತ್ತಿದ್ದ ತರುಣ ಮಿತ್ರರೊಬ್ಬರು ಒಂದು ಪ್ರಶ್ನೆ ಹಾಕಿದರು. ಅವರು ಊರು ಬಿಟ್ಟು ಬಂದು ಇಲ್ಲಿ ಹೋಟೆಲಿನ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. “ಕಲೂರಿನಲ್ಲಿ ಇಷ್ಟು ದೊಡ್ಡ ಸ್ಟೇಡಿಯಂ ಇದೆ. ಆದರೆ ಕ್ರಿಕೆಟ್ ಮ್ಯಾಚು ನೋಡಬೇಕಾದರೆ ತಿರುವನಂತಪುರಕ್ಕೆ ಹೋಗಬೇಕಂತೆ. ಯಾಕೆ ಸಾರ್?” ಎಂದು ಕೇಳಿದರು. ಅಲ್ಲಿದ್ದ ಹಿರಿಯರೊಬ್ಬರು, “ಮೊದಲು ಇಲ್ಲಿಯೇ ಆಡುತ್ತಿದ್ದರಪ್ಪ. ನಮ್ಮ ದ್ರಾವಿಡ್ ಇಲ್ಲಿ ನೂರು ಹೊಡೆದಿದ್ದಾರೆ” ಎಂದರು. ಮೂರನೆಯವರು, “ಈಗ ಅದು ಫುಟ್‌ಬಾಲಿನವರ ಪಾಲಾಗಿದೆ” ಎಂದು ಮಾತು ಮುಗಿಸಿದರು.

ಮೂವರ ಮಾತೂ ನಿಜವೇ. ಆದರೆ ಒಂದು ಬಯಲು ಒಬ್ಬರ ಪಾಲಿನಿಂದ ಇನ್ನೊಬ್ಬರ ಪಾಲಿಗೆ ಹೋದದ್ದು ಹೇಗೆ, ಅದರಲ್ಲಿ ಯಾರ ತಪ್ಪು, ಯಾರಿಗೆ ನಷ್ಟ ಎಂಬುದನ್ನು ಮೂವರೂ ಹೇಳಲಿಲ್ಲ. ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸೋಣ. ಆಟದಲ್ಲಿ ಆಸಕ್ತಿ ಇಲ್ಲದವರೂ ಇದನ್ನು ಓದಬಹುದು. ಒಂದೇ ಕೋಣೆಯಲ್ಲಿ ನಾಲ್ವರು ಬಾಡಿಗೆಗಿದ್ದು, ಹಗಲು ಪಾಳಿಯವರೂ ರಾತ್ರಿ ಪಾಳಿಯವರೂ ಒಂದೇ ಮಂಚದಲ್ಲಿ ಸರದಿಯಿಂದ ಮಲಗಿ ಬಲ್ಲ ನಮಗೆ, ಒಂದು ಜಾಗವನ್ನು ಇಬ್ಬರು ಹಂಚಿಕೊಳ್ಳುವ ಕಷ್ಟವನ್ನು ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ.

ಕಟ್ಟಿದ್ದು ಯಾರು, ಯಾತಕ್ಕೆ

ಕಲೂರಿನ ಜವಾಹರಲಾಲ್ ನೆಹರು ಅಂತರರಾಷ್ಟ್ರೀಯ ಕ್ರೀಡಾಂಗಣವನ್ನು ಕಟ್ಟಿಸಿದ್ದು ಗ್ರೇಟರ್ ಕೊಚ್ಚಿನ್ ಅಭಿವೃದ್ಧಿ ಪ್ರಾಧಿಕಾರ. ಅದು ಆಟಕ್ಕೆ ತೆರೆದದ್ದು 1996ರಲ್ಲಿ. ಅಂದರೆ ಇದು ಯಾವುದೋ ಒಂದು ಕ್ಲಬ್ಬಿನ ಸ್ವತ್ತಲ್ಲ, ಒಬ್ಬ ಸಾಹುಕಾರನ ಸ್ವತ್ತೂ ಅಲ್ಲ. ಅದು ಸಾರ್ವಜನಿಕರ ಸ್ವತ್ತು. ಈ ಮಾತನ್ನು ನಾವು ನೆನಪಿನಲ್ಲಿಟ್ಟುಕೊಂಡೇ ಮುಂದೆ ಹೋಗಬೇಕು.

ಕೊಚ್ಚಿಗೆ ಫುಟ್‌ಬಾಲಿನ ಹುಚ್ಚು ಅದಕ್ಕೂ ಬಹಳ ಹಿಂದಿನದು. 1973ರ ಡಿಸೆಂಬರಿನಲ್ಲಿ ಎರ್ನಾಕುಲಂ ಮಹಾರಾಜಾಸ್ ಕಾಲೇಜಿನ ಮೈದಾನದಲ್ಲಿ ಕೇರಳ ತಂಡವು ರೈಲ್ವೆ ತಂಡವನ್ನು 3–2ರಿಂದ ಸೋಲಿಸಿ ಮೊಟ್ಟಮೊದಲ ಬಾರಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೂರು ಗೋಲುಗಳನ್ನೂ ನಾಯಕ ಮಣಿಯವರೇ ಹೊಡೆದರು. ಇಲ್ಲಿಯ ಹಳಬರು ಅದನ್ನು ಇಂದಿಗೂ ನೆನೆಯುತ್ತಾರೆ. ಹೊಸ ಕ್ರೀಡಾಂಗಣ ತೆರೆದ ಮರುವರ್ಷ, 1997ರಲ್ಲಿ, ಅಲ್ಲಿ ನೆಹರು ಕಪ್ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಇರಾಕ್ ತಂಡ ಗೆದ್ದಿತು.

ಇನ್ನೊಂದು ವರ್ಷ ಕಳೆಯುವುದರಲ್ಲಿ ಅದೇ ಬಯಲಿಗೆ ಕ್ರಿಕೆಟ್ ಬಂತು. 1998ರ ಏಪ್ರಿಲ್ 1ರಂದು ಭಾರತವೂ ಆಸ್ಟ್ರೇಲಿಯವೂ ಅಲ್ಲಿ ಒಂದು ದಿನದ ಪಂದ್ಯವಾಡಿದವು. ಅಜಯ್ ಜಡೇಜಾ ಔಟಾಗದೆ 105 ಓಟ ಗಳಿಸಿದರು. ದಾಂಡಿಗರೆಂದೇ ಲೋಕ ಬಲ್ಲ ಸಚಿನ್ ತೆಂಡೂಲ್ಕರರು ಅಂದು ಚೆಂಡೆಸೆದು 32 ಓಟಗಳಿಗೆ 5 ವಿಕೆಟ್ ಕಿತ್ತರು. ಭಾರತ 41 ಓಟಗಳಿಂದ ಗೆದ್ದಿತು. 2005ರ ಏಪ್ರಿಲ್ 2ರಂದು ಪಾಕಿಸ್ತಾನದ ಎದುರು ಸೆಹ್ವಾಗ್ 108, ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ 104 ಓಟ ಗಳಿಸಿದರು. ತೆಂಡೂಲ್ಕರರು ಮತ್ತೆ 5 ವಿಕೆಟ್ ಪಡೆದರು. ಅಷ್ಟು ದೀರ್ಘ ಕಾಲ ಆಡಿದ ಅವರು ಒಂದು ದಿನದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐದು ವಿಕೆಟ್ ಕಿತ್ತದ್ದು ಎರಡೇ ಸಲ, ಎರಡೂ ಸಲ ಕಲೂರಿನಲ್ಲಿಯೇ. ಇದನ್ನು ಮರೆಯದಿರಿ. ಮುಂದೆ ಇದಕ್ಕೊಂದು ಅರ್ಥ ಬರುತ್ತದೆ.

2011ರ ಏಪ್ರಿಲ್ 9ರಂದು ಐಪಿಎಲ್ ಪಂದ್ಯಾವಳಿಯಲ್ಲಿ ಕೊಚ್ಚಿಯ ತಂಡ ತನ್ನ ಮೊದಲ ಪಂದ್ಯವನ್ನು ಅಲ್ಲಿ ಬೆಂಗಳೂರಿನ ತಂಡದೊಡನೆಯೇ ಆಡಿತು. ಬೆಂಗಳೂರು ಗೆದ್ದಿತು. ಕೊಚ್ಚಿಯ ಆ ತಂಡ ಒಂದೇ ವರ್ಷ ಬಾಳಿತು. 2014ರ ಅಕ್ಟೋಬರ್ 8ರಂದು ಭಾರತ–ವೆಸ್ಟ್ ಇಂಡೀಸ್ ಪಂದ್ಯ ನಡೆಯಿತು. ಕಲೂರಿನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ನಡೆದದ್ದು ಅದೇ ಕೊನೆ. ಅದೇ ವರ್ಷ ಇಂಡಿಯನ್ ಸೂಪರ್ ಲೀಗ್ ಎಂಬ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಯಿತು. ಕೇರಳ ಬ್ಲಾಸ್ಟರ್ಸ್ ತಂಡ ಕಲೂರನ್ನು ತನ್ನ ಮನೆಯಂಗಳ ಮಾಡಿಕೊಂಡಿತು. ಹಳದಿ ಅಂಗಿಯ ಜನಸಾಗರವನ್ನು ನಮ್ಮಲ್ಲಿ ನೋಡದವರು ಯಾರು?

ನೆಲದ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಎರಡು ಆಟಗಳು ಒಂದೇ ಬಯಲಿನಲ್ಲಿ ಇದ್ದರೆ ತೊಂದರೆ ಏನು? ಇದನ್ನು ಗಜದ ಲೆಕ್ಕದಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ.

ಕ್ರಿಕೆಟ್ಟಿನ ಪಿಚ್ಚು 22 ಗಜ ಉದ್ದ. ಫುಟ್‌ಬಾಲ್ ಬಯಲಿನ ನಟ್ಟನಡುವೆ ಎಳೆಯುವ ವೃತ್ತದ ತ್ರಿಜ್ಯ 10 ಗಜ, ಅಂದರೆ ಅಡ್ಡಳತೆ 20 ಗಜ. ಪಿಚ್ಚನ್ನು ಬಯಲಿನ ನಡುವೆ ಮಾಡಿದರೆ ಅದು ಫುಟ್‌ಬಾಲಿನ ನಡುವೃತ್ತವನ್ನು ಪೂರ್ತಿಯಾಗಿ ದಾಟಿ ಎರಡು ಕಡೆಗೂ ಒಂದೊಂದು ಗಜ ಹೊರಗೆ ಚಾಚುತ್ತದೆ. ಕ್ರಿಕೆಟ್ಟಿಗೆ ಒಂದೇ ಪಿಚ್ಚು ಸಾಲದು, ಪಕ್ಕಪಕ್ಕದಲ್ಲಿ ಹಲವು ಪಿಚ್ಚುಗಳನ್ನು ಸಿದ್ಧಮಾಡಿಡುವುದು ವಾಡಿಕೆ. ಹೀಗೆ ಫುಟ್‌ಬಾಲ್ ಆಟಗಾರರು ಅತಿ ಹೆಚ್ಚಾಗಿ ಓಡಾಡುವ ನೆಲದ ಮೇಲೆಯೇ ಕ್ರಿಕೆಟ್ಟಿನ ಹಕ್ಕು ಬೀಳುತ್ತದೆ.

ಎರಡು ಆಟಗಳೂ ಒಂದೇ ಬಗೆಯ ಮಣ್ಣನ್ನು ಬೇಡಿದ್ದರೆ ಇದೂ ಒಂದು ಕಷ್ಟವಾಗುತ್ತಿರಲಿಲ್ಲ. ಆದರೆ ಕ್ರಿಕೆಟ್ ಪಿಚ್ಚಿಗೆ ಜೇಡಿಮಣ್ಣು ಬೇಕು. ಅದಕ್ಕೆ ನೀರುಣಿಸಿ, ಭಾರವಾದ ರೋಲರ್ ಎಳೆದು, ಹುಲ್ಲನ್ನು ಬುಡದವರೆಗೆ ಕತ್ತರಿಸಿ, ನೆಲವನ್ನು ಗಟ್ಟಿಮಾಡುತ್ತಾರೆ. ಹಾಗೆ ಮಾಡಿದರೆ ಮಾತ್ರ ಚೆಂಡು ಪುಟಿಯುತ್ತದೆ. ಫುಟ್‌ಬಾಲಿಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧ. ಬೇರು ಆಳಕ್ಕೆ ಇಳಿದ ಮೆತ್ತನೆಯ ಹುಲ್ಲು, ಅದರ ಕೆಳಗೆ ನೀರು ಬಸಿದು ಹೋಗುವ ಮರಳು ಬೇಕು. ಆಟಗಾರ ಜಾರಿ ಬಿದ್ದರೆ ನೆಲ ಅವನನ್ನು ತಾಳಿಕೊಳ್ಳಬೇಕು. ಗಟ್ಟಿ ಜೇಡಿಯ ಮೇಲೆ ಬಿದ್ದವನ ಮೊಣಕಾಲಿನ ಗತಿ ಏನೆಂದು ಹೇಳಬೇಕಾಗಿಲ್ಲ. ಒಂದು ಆಟದಿಂದ ಇನ್ನೊಂದಕ್ಕೆ ಬದಲಾಯಿಸಬೇಕಾದರೆ ಮಣ್ಣು ಅಗೆಯಬೇಕು, ತುಂಬಬೇಕು, ಹುಲ್ಲು ಹಾಸಬೇಕು, ಬೇರು ಹಿಡಿಯುವವರೆಗೆ ವಾರಗಟ್ಟಲೆ ಕಾಯಬೇಕು.

ಆಕಾರದ ಮಾತೂ ಇದೆ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಗಂಡಸರ ಪಂದ್ಯಕ್ಕೆ ಪಿಚ್ಚಿನ ನಡುವಿನಿಂದ ಗಡಿಗೆರೆ ಕಡಿಮೆಯೆಂದರೆ 65 ಗಜ ದೂರವಿರಬೇಕು, ಅಂದರೆ ಬಯಲಿನ ಅಗಲ 130 ಗಜ. ಫುಟ್‌ಬಾಲ್ ಬಯಲಿನ ಅಗಲ 68 ಮೀಟರ್, ಸುಮಾರು 74 ಗಜ. ಉಳಿದ 56 ಗಜವನ್ನು ಎರಡು ಬದಿಗೆ ಹಂಚಿದರೆ ಒಂದೊಂದು ಬದಿಗೆ 28 ಗಜ. ಕ್ರಿಕೆಟ್ಟಿಗಾಗಿ ದುಂಡಗೆ ಕಟ್ಟಿದ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ನೋಡುವವನು ಆಟದಿಂದ ಅಷ್ಟು ದೂರ ಕೂರಬೇಕು.

ಕೊನೆಯದು ಪಂಚಾಂಗದ ತೊಡಕು. ಕೇರಳದಲ್ಲಿ ಜೂನಿನಿಂದ ಒಂದು ಮಳೆಗಾಲ, ಅದು ಮುಗಿಯಿತೆನ್ನುವಾಗ ತುಲಾವರ್ಷ. 2010ರ ಅಕ್ಟೋಬರ್ 17ರಂದು ಕಲೂರಿನಲ್ಲಿ ಆಗಬೇಕಿದ್ದ ಭಾರತ–ಆಸ್ಟ್ರೇಲಿಯ ಪಂದ್ಯ ಮಳೆಯಿಂದಾಗಿ ಒಂದು ಚೆಂಡೂ ಎಸೆಯದೆ ರದ್ದಾಯಿತು. ಮಳೆ ಬಿಟ್ಟ ಕೆಲವೇ ತಿಂಗಳುಗಳು ಆಟಕ್ಕೆ ಒದಗುವಂಥವು. ಕ್ರಿಕೆಟ್ಟಿನವರೂ ಅವನ್ನೇ ಕೇಳುತ್ತಾರೆ, ಫುಟ್‌ಬಾಲಿನವರೂ ಅವನ್ನೇ ಕೇಳುತ್ತಾರೆ.

ದೂರದ ದೇಶದ ಅನುಭವ

ಈ ಪೇಚು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅದೂ ದಾಂಡು–ಚೆಂಡಿನ ಆಟವೇ. ಆಟಗಾರರು ಓಡುವ ಒಳಬಯಲಿನಲ್ಲಿ ಹುಲ್ಲಿಲ್ಲದ ಮಣ್ಣಿನ ಭಾಗವಿರುತ್ತದೆ, ಹೊರಬಯಲು ಬೀಸಣಿಗೆಯಂತೆ ಹರಡುತ್ತದೆ. ಅವರ ಫುಟ್‌ಬಾಲ್ ನಮ್ಮದಕ್ಕಿಂತ ಬೇರೆ. ಆದರೆ ಅದರ ಬಯಲೂ ಉದ್ದನೆಯ ಆಯತವೇ. ಎರಡು ಆಟಕ್ಕೆ ಎರಡು ಕ್ರೀಡಾಂಗಣ ಕಟ್ಟುವ ಬದಲು ಒಂದನ್ನೇ ಕಟ್ಟಿದರೆ ಊರಿನ ಹಣ ಉಳಿಯುತ್ತದೆಂದು ಅಲ್ಲಿಯ ಹಲವು ನಗರಗಳು 1960ರ ದಶಕದಿಂದ ದುಂಡನೆಯ ಕ್ರೀಡಾಂಗಣಗಳನ್ನು ಕಟ್ಟಿದವು. ವಾಷಿಂಗ್ಟನ್ನಿನಲ್ಲಿ 1961ರಲ್ಲಿ ಒಂದು, ನ್ಯೂಯಾರ್ಕಿನಲ್ಲಿ 1964ರಲ್ಲಿ ಶೇ ಸ್ಟೇಡಿಯಂ, ಓಕ್ಲೆಂಡಿನಲ್ಲಿ 1966ರಲ್ಲಿ ಒಂದು, ಪಿಟ್ಸ್‌ಬರ್ಗ್ ಮತ್ತು ಸಿನ್ಸಿನಾಟಿಗಳಲ್ಲಿ 1970ರಲ್ಲಿ ಒಂದೊಂದು ತೆರೆದವು. ಶೇ ಸ್ಟೇಡಿಯಮ್ಮಿನಲ್ಲಿ ಪ್ರೇಕ್ಷಕರ ಗ್ಯಾಲರಿಯ ಒಂದು ಭಾಗವನ್ನೇ ಹಳಿಯ ಮೇಲೆ ಸರಿಸುವ ಏರ್ಪಾಡಿತ್ತು. ಇನ್ನು ಕೆಲವು ಕಡೆ ಹುಲ್ಲಿನ ತಂಟೆಯೇ ಬೇಡವೆಂದು ಕೃತಕ ಹಾಸು ಹಾಕಿದರು.

ಇಷ್ಟೆಲ್ಲ ಮಾಡಿದರೂ ಎರಡು ಆಟದವರಿಗೂ ಸಮಾಧಾನವಾಗಲಿಲ್ಲ. ಬೇಸ್‌ಬಾಲ್ ನೋಡುವವನಿಗೆ ಕುರ್ಚಿ ಬೇರೆ ದಿಕ್ಕಿಗೆ ಮುಖ ಮಾಡಿದಂತೆ, ಫುಟ್‌ಬಾಲ್ ನೋಡುವವನಿಗೆ ಆಟ ದೂರವಾದಂತೆ ಆಯಿತು. ಓಕ್ಲೆಂಡಿನಲ್ಲಿ ಎರಡು ಆಟಗಳ ಕಾಲ ಕೂಡುವ ತಿಂಗಳುಗಳಲ್ಲಿ ಫುಟ್‌ಬಾಲಿನವರು ಬೇಸ್‌ಬಾಲಿನ ಬರಿ ಮಣ್ಣಿನ ಮೇಲೆಯೇ ಉರುಳಿ ಬೀಳುತ್ತಿದ್ದರು. ಒಂದೊಂದಾಗಿ ನಗರಗಳು ಬೇರೆ ಬೇರೆ ಕ್ರೀಡಾಂಗಣಗಳನ್ನು ಕಟ್ಟಿಕೊಂಡವು. ಪಿಟ್ಸ್‌ಬರ್ಗಿನದನ್ನು 2001ರಲ್ಲಿ, ಸಿನ್ಸಿನಾಟಿಯದನ್ನು 2002ರಲ್ಲಿ, ಶೇ ಸ್ಟೇಡಿಯಮ್ಮನ್ನು 2009ರಲ್ಲಿ ಕೆಡವಿದರು. ಎರಡು ದೊಡ್ಡ ಲೀಗುಗಳ ತಂಡಗಳು ಹಂಚಿಕೊಂಡ ಕೊನೆಯ ಬಯಲು ಓಕ್ಲೆಂಡಿನದು. ಅಲ್ಲಿಯ ಫುಟ್‌ಬಾಲ್ ತಂಡ 2019ರ ಆಟದ ಕಾಲ ಮುಗಿಸಿ ಲಾಸ್ ವೇಗಸ್‌ಗೆ ಹೋಯಿತು. ಒಮ್ಮೆ ಕಟ್ಟಿ ಉಳಿಸಿದ ಹಣ ಎರಡನೆಯ ಸಲ ಕಟ್ಟುವುದರಲ್ಲಿ ಹೋಯಿತು.

ಕಲೂರಿನಲ್ಲಿ ನಡೆದದ್ದು

ಮತ್ತೆ ನಮ್ಮ ಊರಿಗೆ ಬರೋಣ. 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ ಭಾರತದಲ್ಲಿ ನಡೆಯಿತು. ಕೊಚ್ಚಿಯೂ ಅದರ ಒಂದು ತಾಣ. ಅದಕ್ಕಾಗಿ ಕಲೂರಿನ ಬಯಲಿಗೆ ಅಂತರರಾಷ್ಟ್ರೀಯ ಮಟ್ಟದ ಹೊಸ ಹುಲ್ಲುಹಾಸು ಬಂತು. ಅಕ್ಟೋಬರ್ 3ರಂದು ಮೆಟ್ರೊ ರೈಲು ಕ್ರೀಡಾಂಗಣದ ಬಾಗಿಲಿಗೇ ಬಂತು. 7ರಂದು ಬ್ರೆಜಿಲ್ಲಿನ ಹುಡುಗರು ಸ್ಪೇನಿನ ಹುಡುಗರನ್ನು 2–1ರಿಂದ ಸೋಲಿಸಿದರು.

ಆ ಸಂಭ್ರಮಕ್ಕೆ ಇನ್ನೊಂದು ಮುಖವಿತ್ತು. ಗ್ಯಾಲರಿಯ ಕೆಳಗೆ ಪ್ರಾಧಿಕಾರ ಬಾಡಿಗೆಗೆ ಕೊಟ್ಟ ಅಂಗಡಿ, ಹೋಟೆಲುಗಳಿವೆಯಷ್ಟೆ. ಭದ್ರತೆಯ ಕಾರಣದಿಂದ ಪಂದ್ಯಗಳು ಮುಗಿಯುವವರೆಗೆ ಅವನ್ನು ತೆರವು ಮಾಡಬೇಕೆಂದಾಯಿತು. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ತಾತ್ಕಾಲಿಕವಾಗಿ ತೆರವು ಮಾಡಬೇಕು, ಆದರೆ ಅವರಿಗಾಗುವ ನಷ್ಟಕ್ಕೆ ಪರಿಹಾರದ ಏರ್ಪಾಡೂ ಆಗಬೇಕು ಎಂದು ನ್ಯಾಯಾಲಯ ಹೇಳಿತು. ಅಂಗಡಿಯ ಬಾಗಿಲು ಹಾಕಿದರೆ ಮಾಲೀಕನಿಗೆ ವ್ಯಾಪಾರ ತಪ್ಪುತ್ತದೆ, ಅಲ್ಲಿ ದಿನಗೂಲಿಗೆ ಲೋಟ ತೊಳೆಯುವವನಿಗೆ ಅನ್ನವೇ ತಪ್ಪುತ್ತದೆ. ಬಯಲನ್ನು ಹಂಚಿಕೊಳ್ಳುವವರು ಆಟಗಾರರು ಮಾತ್ರವಲ್ಲ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು.

ವಿಶ್ವಕಪ್ ಮುಗಿದು ಆರು ತಿಂಗಳಾಗುವುದರೊಳಗೆ ಹೊಸ ವಿವಾದ ಹುಟ್ಟಿತು. 2018ರ ನವೆಂಬರ್ 1ರಂದು ಆಗಬೇಕಾದ ಭಾರತ–ವೆಸ್ಟ್ ಇಂಡೀಸ್ ಕ್ರಿಕೆಟ್ ಪಂದ್ಯವನ್ನು ಕಲೂರಿನಲ್ಲಿ ನಡೆಸಬೇಕೆಂದು ಕೇರಳ ಕ್ರಿಕೆಟ್ ಸಂಸ್ಥೆ ಮಾರ್ಚಿನಲ್ಲಿ ಹೊರಟಿತು. ಹಾಗೆ ಮಾಡಿದರೆ ಹೊಸ ಹುಲ್ಲನ್ನು ನಡುವೆ ಅಗೆದು ಜೇಡಿಮಣ್ಣಿನ ಪಿಚ್ಚು ಹಾಕಬೇಕು. ಫುಟ್‌ಬಾಲ್ ಪ್ರಿಯರು ಎದ್ದು ನಿಂತರು. ಕೇರಳದ ಆಟಗಾರ ಸಿ. ಕೆ. ವಿನೀತ್ ಬಹಿರಂಗವಾಗಿ ವಿರೋಧಿಸಿದರು. ತಿರುವನಂತಪುರದ ಸಂಸದ ಶಶಿ ತರೂರರು ಅಲ್ಲಿಯೇ ಕ್ರಿಕೆಟ್ಟಿಗೆ ಸಿದ್ಧವಾದ ಬಯಲಿರುವಾಗ ಇಲ್ಲಿಯದನ್ನೇಕೆ ಅಗೆಯಬೇಕೆಂದು ಕೇಳಿದರು. ಹುಲ್ಲನ್ನು ಕೆಡಿಸಬೇಡಿರೆಂದು ಹೇಳಿದವರಲ್ಲಿ ಸಚಿನ್ ತೆಂಡೂಲ್ಕರರೂ ಒಬ್ಬರು! ಆಗ ಅವರು ಬ್ಲಾಸ್ಟರ್ಸ್ ತಂಡದ ಪಾಲುದಾರರಾಗಿದ್ದರು ಎಂಬುದು ನಿಜ. ಆದರೂ ಕಲೂರಿನ ಪಿಚ್ಚಿನಿಂದ ಅವರಷ್ಟು ಲಾಭ ಪಡೆದ ಕ್ರಿಕೆಟಿಗರು ವಿರಳ. ಅಂಥವರೇ ಈ ಮಾತಾಡಿದ ಮೇಲೆ ಅದಕ್ಕೆ ತೂಕ ಬಂತು.

ಕ್ರಿಕೆಟ್ ಸಂಸ್ಥೆಯವರ ಪಕ್ಷವನ್ನೂ ನಾವು ಹೇಳಬೇಕು. ಹದಿನಾರು ವರ್ಷ ಅವರು ಅಲ್ಲಿ ಅಂತರರಾಷ್ಟ್ರೀಯ ಪಂದ್ಯಗಳನ್ನು ನಡೆಸಿದ್ದರು. ಕಲೂರು ಕ್ರಿಕೆಟ್ಟಿಗೆ ಹೊಸ ಜಾಗವಾಗಿರಲಿಲ್ಲ. ಬಾಡಿಗೆಯ ಮನೆಯಲ್ಲಿ ಬಹುಕಾಲ ಇದ್ದವನು ಒಂದು ದಿನ ಊರಿನಿಂದ ಹಿಂತಿರುಗಿ ನೋಡಿದಾಗ ಬಾಗಿಲಿಗೆ ಬೇರೊಬ್ಬನ ಬೀಗ ಬಿದ್ದಿದ್ದರೆ ಅವನಿಗೆ ಹೇಗಾಗುತ್ತದೆ? ತಪ್ಪು ಒಂದು ಆಟದ್ದಲ್ಲ. ಯಾರಿಗೆ ಯಾವ ತಿಂಗಳು, ಅಗೆದ ನೆಲವನ್ನು ಮೊದಲಿನಂತೆ ಮಾಡುವ ಖರ್ಚು ಯಾರದು ಎಂಬುದು ಇಬ್ಬರಿಗೂ ಒಪ್ಪಿಗೆಯಾಗುವಂತೆ ಮೊದಲೇ ತೀರ್ಮಾನವಾಗಿದ್ದರೆ ಹುಲ್ಲು ಬೆಳೆದ ಮೇಲೆ ಜಗಳ ಬೆಳೆಯುತ್ತಿರಲಿಲ್ಲ.

ತಿರುವನಂತಪುರದ ಪಾಲು

ಕೊನೆಗೆ ಪಂದ್ಯ ತಿರುವನಂತಪುರಕ್ಕೆ ಹೋಯಿತು. ಅಲ್ಲಿಗೆ ಅಂತರರಾಷ್ಟ್ರೀಯ ಕ್ರಿಕೆಟ್ ಹೊಸದಲ್ಲ. ಕಲೂರಿನ ಕ್ರೀಡಾಂಗಣ ಹುಟ್ಟುವ ಮೊದಲೇ, 1984ರಲ್ಲಿಯೂ 1988ರಲ್ಲಿಯೂ, ಅಲ್ಲಿಯ ಯೂನಿವರ್ಸಿಟಿ ಸ್ಟೇಡಿಯಮ್ಮಿನಲ್ಲಿ ಒಂದೊಂದು ಪಂದ್ಯ ನಡೆದಿತ್ತು. ಮೊದಲನೆಯದು ಮಳೆಯಿಂದ ಅರ್ಧಕ್ಕೆ ನಿಂತಿತು. ಎರಡನೆಯದರಲ್ಲಿ ಶ್ರೀಕಾಂತ್ ನೂರು ದಾಟಿದರೂ ವೆಸ್ಟ್ ಇಂಡೀಸ್ ಗೆದ್ದಿತು.

ಕಾರ್ಯವಟ್ಟಂನ ಗ್ರೀನ್‌ಫೀಲ್ಡ್ ಕ್ರೀಡಾಂಗಣ 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕೇರಳ ವಿಶ್ವವಿದ್ಯಾಲಯದ ನೆಲದಲ್ಲಿ ಕಟ್ಟಿದ್ದು. ಅದೂ ಎರಡು ಆಟದ ಬಯಲೇ. 2016ರ ಜನವರಿ 3ರಂದು ದಕ್ಷಿಣ ಏಷ್ಯದ ಫುಟ್‌ಬಾಲ್ ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ಭಾರತ ಅಫ್ಘಾನಿಸ್ತಾನವನ್ನು 2–1ರಿಂದ ಗೆದ್ದದ್ದು ಅಲ್ಲಿಯೇ. 2017ರ ನವೆಂಬರ್ 7ರಂದು ಅಲ್ಲಿ ನ್ಯೂಜಿಲೆಂಡಿನೊಡನೆ ಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯವಾಯಿತು. ಮಳೆಯಿಂದ ಎಂಟೆಂಟು ಓವರಿಗೆ ಇಳಿದ ಆ ಪಂದ್ಯವನ್ನು ಭಾರತ 6 ಓಟಗಳಿಂದ ಗೆದ್ದಿತು. 2018ರ ನವೆಂಬರ್ 1ರ ಪಂದ್ಯದಲ್ಲಿ ವೆಸ್ಟ್ ಇಂಡೀಸ್ 104 ಓಟಗಳಿಗೆ ಕುಸಿಯಿತು, ಭಾರತ 9 ವಿಕೆಟ್‌ಗಳಿಂದ ಗೆದ್ದಿತು. 2023ರ ಜನವರಿ 15ರಂದು ಅದೇ ಬಯಲಿನಲ್ಲಿ ಭಾರತ ಶ್ರೀಲಂಕೆಯನ್ನು 317 ಓಟಗಳಿಂದ ಸೋಲಿಸಿತು. ಒಂದು ದಿನದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಷ್ಟು ಓಟಗಳ ಅಂತರದ ಗೆಲುವು ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ.

ಹೀಗೆ ಒಂದೇ ರಾಜ್ಯದ ಎರಡು ಊರುಗಳು ಹೇಳದೆಯೇ ಪಾಲು ಮಾಡಿಕೊಂಡವು. ಕೊಚ್ಚಿಗೆ ಫುಟ್‌ಬಾಲ್, ತಿರುವನಂತಪುರಕ್ಕೆ ಕ್ರಿಕೆಟ್. ಆದರೆ ಕ್ರಿಕೆಟ್ಟನ್ನೇ ಮೆಚ್ಚುವ ಕೊಚ್ಚಿಯ ಕೂಲಿಗಾರನು ಇನ್ನೂರು ಕಿಲೋಮೀಟರು ಹೋಗಿ ಪಂದ್ಯ ನೋಡಿ ಬರಬೇಕಾದರೆ ಎರಡು ದಿನದ ಸಂಬಳ ಬಿಡಬೇಕು. ನಮ್ಮ ತರುಣ ಮಿತ್ರರ ಪ್ರಶ್ನೆಯಲ್ಲಿದ್ದ ನೋವು ಇದು. ಅದನ್ನು ಸುಳ್ಳೆನ್ನಲಾಗದು.

ನಮಗೆ ಪಾಠವೇನು

ನವೆಂಬರ್ 1 ಎಂಬ ದಿನವೂ ಯೋಚನೆಗೆ ಯೋಗ್ಯವಾದುದು. 1956ರ ಅದೇ ದಿನ ಕೇರಳವೂ ಹುಟ್ಟಿತು, ಕನ್ನಡ ಮಾತಾಡುವ ನಾಡುಗಳೂ ಒಂದಾದವು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅಂದೇ. ಅಲ್ಲಿಂದ ಬಂದ ನಮ್ಮ ಸದಸ್ಯರಿಗೆ ಒಂದು ನೆಲವನ್ನು ಎರಡು ಮಾತಿನವರು ಹಂಚಿಕೊಂಡು ಬಾಳುವುದು ದಿನನಿತ್ಯದ ಬದುಕು. ಪ್ರೀತಿ, ಸೌಜನ್ಯ ಇದ್ದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಅವರು ಹೇಳುವುದಿಲ್ಲ. ಪ್ರೀತಿಯೂ ಬೇಕು, ಕಾಗದದ ಮೇಲೆ ಬರೆದ ಕ್ರಮವೂ ಬೇಕು ಎನ್ನುತ್ತಾರೆ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೂ ಓಟಗಾರರಿಗೂ ಫುಟ್‌ಬಾಲ್ ತಂಡಕ್ಕೂ ಸಮಯದ ವಿಷಯದಲ್ಲಿ ತಕರಾರು ನಡೆದಿತ್ತು. ಮಂಗಳೂರಿನ ನೆಹರು ಮೈದಾನದಲ್ಲಿ ಕ್ರಿಕೆಟ್ಟೂ ಫುಟ್‌ಬಾಲೂ ಪಕ್ಕಪಕ್ಕದಲ್ಲಿ ಬಾಳಿವೆ. ಅಲ್ಲಿ ಒಂದರ ಮೈಮೇಲೆ ಇನ್ನೊಂದು ಬಿದ್ದಿಲ್ಲ. ಹಂಚಿಕೊಳ್ಳುವುದೆಂದರೆ ಒಂದೇ ಚಾಪೆಯ ಮೇಲೆ ಇಬ್ಬರು ಒಟ್ಟಿಗೆ ಮಲಗುವುದೇ ಆಗಬೇಕಾಗಿಲ್ಲ. ಎರಡು ಚಾಪೆ ಹಾಸಲು ಸ್ಥಳವಿದ್ದರೆ ಹಾಗೆ ಮಾಡುವುದೇ ಜಾಣತನ. ಸ್ಥಳವಿಲ್ಲದಿದ್ದರೆ ಸರದಿ ಬೇಕು. ಸರದಿ ಮುರಿದವನು ತೆರಬೇಕಾದ ದಂಡವೂ ಮೊದಲೇ ಗೊತ್ತಿರಬೇಕು. ಅದನ್ನು ಗೊತ್ತುಮಾಡುವಾಗ ಹಣವಿದ್ದವರನ್ನು ಮಾತ್ರ ಕೂರಿಸದೆ, ಆ ಜಾಗದಿಂದ ಹೊಟ್ಟೆ ಹೊರೆಯುವವರನ್ನೂ ಕರೆದು ಕೇಳಬೇಕು. ಸಾರ್ವಜನಿಕ ಸ್ವತ್ತು ಎಂಬ ಮಾತಿಗೆ ಆಗ ಅರ್ಥ ಬರುತ್ತದೆ.

ಮುಂದಿನ ಸಲ ಕಲೂರಿನ ಬಸ್ ನಿಲ್ದಾಣದಲ್ಲಿ ಇಳಿದು ಆ ದುಂಡನೆಯ ಗೋಡೆಯ ಪಕ್ಕದಲ್ಲಿ ನಡೆದು ಹೋಗುವಾಗ ಇಷ್ಟನ್ನು ನೆನೆಯಿರಿ. ಒಳಗೆ ನಟ್ಟನಡುವೆ ಇಪ್ಪತ್ತೆರಡು ಗಜದ ಒಂದು ತುಂಡು ನೆಲವಿದೆ. ಈ ಊರಿನ ದೊಡ್ಡ ಜಗಳ ನಡೆದದ್ದು ಅಷ್ಟು ನೆಲಕ್ಕಾಗಿ.

ವಿಚಾರಕ್ಕೆ ಮೂರು ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಹಲವರು ಹಂಚಿಕೊಂಡಿರುವ ಬಯಲು, ಕೆರೆ ಅಥವಾ ಕಟ್ಟೆ ಯಾವುದು? ಅದರ ಸರದಿಯನ್ನು ಯಾರು ಗೊತ್ತುಮಾಡುತ್ತಾರೆ?

2. ಕಲೂರಿನಲ್ಲಿ ಹಳೆಯ ಹಕ್ಕು ದೊಡ್ಡದೋ, ಹೊಸದಾಗಿ ಬೆಳೆಸಿದ ಹುಲ್ಲು ದೊಡ್ಡದೋ? ಕಾರಣ ಹೇಳಿ.

3. ದೊಡ್ಡ ಪಂದ್ಯಕ್ಕಾಗಿ ಅಂಗಡಿ ಮುಚ್ಚಿಸಿದಾಗ ಅಲ್ಲಿಯ ದಿನಗೂಲಿಯವನಿಗೆ ಪರಿಹಾರ ತಲುಪುವಂತೆ ಮಾಡಲು ಯಾವ ಉಪಾಯವಿದೆ?

ಉತ್ತರ ಬರೆದು ತಂದವರ ಕಾಗದಗಳನ್ನು ವಾಚನಾಲಯದ ಮೇಜಿನ ಮೇಲೆ ಎಲ್ಲರೂ ಓದುವಂತೆ ಇಡುತ್ತೇವೆ. ಬರೆಯಲು ಬಾರದವರು ಬಂದು ಹೇಳಿದರೂ ಸರಿ, ನಾವು ಬರೆದುಕೊಳ್ಳುತ್ತೇವೆ.